ಸಾರಥಿಯವರು ಕೊಟ್ಟ ದಿಂಡಿಗ

ಮರದ ಬುಡದಲ್ಲಿ ಹಿಟ್ಟು ಬಿದ್ದಿದ್ದನ್ನು ಮೊದಲು ಕಂಡವಳು ಸಬಾ. ಸಾರಥಿ ಊರಿನ ಹಿಂದಿರುವ ಬಿಳಿಗಲ್ಲುಗುಡ್ಡದಲ್ಲಿ, ಸಂಕ್ರಾಂತಿ ಮುಗಿದ ಮರುವಾರ, ಒಂದು ದಿಂಡಿಗದ ಮರದ ಕೆಳಗೆ ಸಣ್ಣರವೆಯಂಥ ಪುಡಿ ಗುಡ್ಡೆಗಟ್ಟಿತ್ತು. ಅವಳು ಕೂಗಿದ್ದಕ್ಕೆ ಭಾಗ್ಯಲಕ್ಷ್ಮಿ ಬಂದು ಮಂಡಿಯೂರಿದಳು. ಪುಡಿಯನ್ನು ಅಂಗೈಗೆ ಹಾಕಿಕೊಂಡು ಉಜ್ಜಿ ನೋಡಿದಳು. ಆಮೇಲೆ ಕಾಂಡಕ್ಕೆ ಕಿವಿ ಹಚ್ಚಿ ಉಸಿರು ಬಿಗಿಹಿಡಿದು ಕೂತಳು. ಒಳಗೆ ಯಾರೋ ಒಣರೊಟ್ಟಿ ಮುರಿದು ಅಗಿಯುತ್ತಿರುವ ಹಾಗೆ ಕಟಕಟ ಸದ್ದು.

"ಬಂದೈತೆ," ಅಂದಳು ಎದ್ದು ನಿಂತು. "ಕಾಂಡಕೊರಕ. ಇಷ್ಟು ದೂರ ಬರಲ್ಲ ಅಂದ್ಕಂಡಿದ್ದೆ."

ಕಾಡಿನ ಮರಗಳಿಗೆ ಬೀಳುವ ಹುಳಗಳ ಮೇಲೆ ಭಾಗ್ಯಲಕ್ಷ್ಮಿ ಅರ್ಧ ಆಯುಷ್ಯ ಕಳೆದಿದ್ದಳು. ದಾವಣಗೆರೆಯ ಸರಸ್ವತಿ ನಗರದಲ್ಲಿ ಅವಳ ಮನೆ. ಆನೆಕೊಂಡದಲ್ಲಿ ಬಾಡಿಗೆಗೆ ಹಿಡಿದ ಹಳೇ ಕಟ್ಟಡವೊಂದರಲ್ಲಿ ಅವಳ ಸಂಶೋಧನಾ ತಂಡ. ತಂಡವೆಂದರೆ ದೊಡ್ಡದೇನಲ್ಲ. ಅವಳ ನಂತರದವನು ಕೊಟ್ಟೂರೇಶ್. ಕೀಟಶಾಸ್ತ್ರ ಓದಿದವನು, ಮಾತು ಚೂಪು, ಕೆಲಸ ಅದಕ್ಕಿಂತ ಚೂಪು. ಆಮೇಲೆ ಹರಿಹರದ ಹುಡುಗಿ ಸಬಾ, ಪಿಎಚ್.ಡಿ ಮಾಡುತ್ತಲೇ ಕೆಲಸಕ್ಕಿದ್ದವಳು. ತಾಯಿ ಖತೀಜಾಬೀ ಮತ್ತು ಇಬ್ಬರು ತಂಗಿಯರ ಮನೆ ಅವಳ ಸಂಬಳದ ಮೇಲೆಯೇ ನಿಂತಿತ್ತು. ಇಬ್ಬರೂ ಗುತ್ತಿಗೆಯ ಮೇಲಿದ್ದರು. ವರ್ಷಕ್ಕೊಮ್ಮೆ ವೃಕ್ಷಸಂಪದ ಮಂಡಳಿಯಿಂದ ಮುಂದುವರಿಕೆಯ ಆದೇಶ ಬಂದರೆ ತಂಡ ಉಂಟು, ಬಾರದಿದ್ದರೆ ಇಲ್ಲ.

ಈ ಕಾಂಡಕೊರಕ ಉದ್ದ ಮೀಸೆಯ ಕಂದು ದುಂಬಿ. ಮುಂಗಾರಿನ ಮೊದಲ ಮಳೆ ಬಿದ್ದಾಗ ಮರದಿಂದ ಹೊರಬರುತ್ತದೆ, ತೊಗಟೆಯನ್ನು ಸೀಳಿ ಮೊಟ್ಟೆ ಇಡುತ್ತದೆ. ಮರಿಹುಳ ವರ್ಷವಿಡೀ ಒಳಗೇ ಇದ್ದು ತಿರುಳು ತಿನ್ನುತ್ತದೆ. ಮೇಲೆ ಎಲೆ ಹಸಿರಾಗೇ ಇರುತ್ತದೆ. ಒಂದು ದಿನ ನೋಡಿದರೆ ಮರವೇ ಇಲ್ಲ. ಒಳಗೆ ಹೊಕ್ಕ ಮೇಲೆ ಯಾವ ಔಷಧವೂ ತಾಗದು. ಆದರೆ ಅದಕ್ಕೆ ದೂರ ಹಾರುವ ಶಕ್ತಿಯಿಲ್ಲ, ಮರದಿಂದ ಮರಕ್ಕೆ ದಾಟುತ್ತ ಹೋಗಬೇಕು. ಬಿಳಿಗಲ್ಲುಗುಡ್ಡಕ್ಕೂ ಕೊಂಡಜ್ಜಿಯ ಕಾಡಿಗೂ ನಡುವೆ ದಿಂಡಿಗ, ತೇಗಗಳ ಒಂದು ತೆಳ್ಳನೆಯ ಸಾಲಿತ್ತು. ಹುಳಕ್ಕೆ ಅದೇ ಸೇತುವೆ.

ಭಾಗ್ಯಲಕ್ಷ್ಮಿ ವಾರಗಟ್ಟಲೆ ಗುಡ್ಡ ಸುತ್ತಿ ಕೊನೆಗೆ ಹೇಳಿದ್ದು ಇಷ್ಟು: ಗುಡ್ಡವನ್ನು ಉಳಿಸಲು ಆಗದು. ನಡುವಿನ ಸಾಲನ್ನು ಕಡಿದರೆ ಕೊಂಡಜ್ಜಿ ಉಳಿಯುತ್ತದೆ. ಕಡಿದ ಮರವನ್ನು ಮಾತ್ರ ಅಲ್ಲೇ, ಮಳೆ ಬೀಳುವುದರೊಳಗೆ, ಬೂದಿ ಮಾಡಬೇಕು.

ಮಂಡಳಿ ಒಪ್ಪಿತು. ಸಾರಥಿಯವರು ಒಪ್ಪಬೇಕಿತ್ತು, ಯಾಕೆಂದರೆ ಆ ಸಾಲಿನ ನಡುವೆಯೇ ಅವರ ಗುಡ್ಡದವ್ವನ ಕಲ್ಲು. ಸುತ್ತ ಅಜ್ಜ ಮುತ್ತಜ್ಜರ ಕಾಲದ ದಿಂಡಿಗದ ಮರಗಳು, ಇಬ್ಬರು ತಬ್ಬಿದರೂ ತೋಳು ಸಾಲದಂಥವು. ಅವ್ವನ ಪೂಜೆ ಮಾಡುತ್ತಿದ್ದವಳು ಮೈಲಮ್ಮ ಎಂಬ ಮುದುಕಿ. ಶಾಲೆಯ ಜಗಲಿಯ ಮೇಲೆ ಊರವರು ಸೇರಿದರು. ಗಂಡಸರು ಒಬ್ಬೊಬ್ಬರಾಗಿ ಹೂಂ ಅಂದ ಮೇಲೆ ಎಲ್ಲರೂ ಅವಳ ಕಡೆ ನೋಡಿದರು.

"ಅದರ ಟೊಂಗೆ ಮುರಿದ್ರೂ ಮನ್ಯಾಗ ಜ್ವರ ಬರ್ತಾವೆ ಅಂತಿದ್ಳು ನಮ್ಮತ್ತೆ," ಅಂದಳು ಮೈಲಮ್ಮ.

ಭಾಗ್ಯಲಕ್ಷ್ಮಿ ಅವಳ ಹತ್ತಿರ ಹೋಗಿ ನೆಲದ ಮೇಲೆ ಕೂತಳು. "ನೋಡವ್ವ, ಬೆರಳು ಕೊಳೆತ್ರೆ ಬೆರಳು ತೆಗೀತಾರೆ. ಯಾಕ? ಕಾಲು ಉಳೀಲಿ ಅಂತ. ಇದೂ ಹಂಗೇ."

"ನಮ್ಮ ಮನೆಯೋರಿಗೆ ಸಕ್ಕರೆ ಕಾಯಿಲೆ ಇತ್ತು. ಬೆರಳು ತೆಗದ್ರು. ಆಮೇಲೆ ಪಾದ ತೆಗದ್ರು."

"ಆಮೇಲೆ?"

"ಆಮೇಲೆ ಅವ್ರೇ ಹೋದ್ರು."

ಮೈಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ನೀನು ಓದಿದಾಕಿ. ನಾವು ಬರೀ ಕೈ ಮುಗಿಯೋರು. ಆ ಕಾಡು ಉಳೀತೈತಾ? ನನ್ನ ಮಕ ನೋಡಿ ಹೇಳು."

"ಉಳೀತೈತೆ," ಅಂದಳು ಭಾಗ್ಯಲಕ್ಷ್ಮಿ. ಆಗ ಅದು ಸುಳ್ಳಾಗಿರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಗರಗಸಗಳು ಬಂದವು. ಅವ್ವನ ಮರಗಳನ್ನು ಕಡಿದ ದಿನ ಭಾಗ್ಯಲಕ್ಷ್ಮಿ ಬೇಕೆಂದೇ ಅಲ್ಲಿ ನಿಂತಿದ್ದಳು. ಮಾತು ಕೊಟ್ಟವಳು ಕಣ್ಣು ತಪ್ಪಿಸಬಾರದೆಂದು. ಮೈಲಮ್ಮ ಪ್ರತಿ ಮರಕ್ಕೂ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ದೂರ ಹೋಗಿ ಬೆನ್ನು ತಿರುಗಿಸಿ ಕೂತಳು. ಮರಗಳು ಉರುಳಿದ ಮೇಲೆ ಕೊಟ್ಟೂರೇಶ್ ಒಂದೊಂದರ ಕಡಿದ ಮುಖವನ್ನೂ ಸವರಿ ನೋಡಿದ. ಒಂದರಲ್ಲಿ ಮಾತ್ರ ಹುಳ ಕೊರೆದ ದಾರಿಯಿತ್ತು. ಉಳಿದವುಗಳ ತಿರುಳು ಗಟ್ಟಿಯಾಗಿ, ಕಲೆಯಿಲ್ಲದೆ ಹೊಳೆಯುತ್ತಿತ್ತು. ಆದರೂ ಅವನು ಎಲ್ಲ ತುಂಡುಗಳ ತುದಿಗೂ ಸುಡಬೇಕಾದದ್ದು ಎಂಬ ಗುರುತಿಗೆ ಕೆಂಪು ಬಣ್ಣದ ಗೆರೆ ಎಳೆದ.

ಯುಗಾದಿಯ ನಂತರ ಒಂದು ಮಧ್ಯಾಹ್ನ ಮೂವರೂ ಜೀಪಿನಲ್ಲಿ ಹರಿಹರದಿಂದ ಬರುತ್ತಿದ್ದರು. ಮುಂದೆ ಒಂದು ಲಾರಿ ಏದುಸಿರು ಬಿಡುತ್ತ ಹೋಗುತ್ತಿತ್ತು. ಹಿಂದೆ ಹಗ್ಗ ಬಿಗಿದ ದಿಮ್ಮಿಗಳು. ತುದಿಯಲ್ಲಿ ಕೆಂಪು ಗೆರೆ.

ಕೊಟ್ಟೂರೇಶ್ ಜೀಪನ್ನು ಮುಂದೆ ಹಾಕಿ ಲಾರಿಯನ್ನು ನಿಲ್ಲಿಸಿದ. ಡ್ರೈವರ್ ಹೆದರಲಿಲ್ಲ. "ಪರ್ಮಿಟ್ ಐತ್ರಿ ಸಾರ್," ಎಂದು ಚೀಟಿ ತೋರಿಸಿದ. ಮಂಡಳಿಯದೇ ಮೊಹರು. ಕಡಿಯಲು ಬಂದ ಗುತ್ತಿಗೆದಾರನಿಗೇ ಮರವನ್ನೂ ಹರಾಜಿನಲ್ಲಿ ಕೊಟ್ಟಿದ್ದರು.

ಭಾಗ್ಯಲಕ್ಷ್ಮಿ ರಸ್ತೆ ಪಕ್ಕದ ಜಾಲಿಮರದ ನೆರಳಿಗೆ ಹೋಗಿ ಮಂಡಳಿಯ ಜಂಟಿ ನಿರ್ದೇಶಕ ವಾಮದೇವಪ್ಪನವರಿಗೆ ಫೋನ್ ಮಾಡಿದಳು.

"ಮೇಡಂ, ಕೂತ್ಕಂಡು ಯೋಚನೆ ಮಾಡ್ರಿ," ಅಂದರು ಅವರು, ದನಿಯೇರಿಸದೆ. "ಕಬ್ಬಿಣದಂಥ ದಿಂಡಿಗ ಸುಟ್ಟೆ ಅಂದ್ರೆ ಆಡಿಟ್ನೋರು ನನ್ನ ಸುಡ್ತಾರೆ. ಗರಗಸಕ್ಕೆ ಕೊಟ್ಟು ಹಲಗೆ ಮಾಡಿದ ಮ್ಯಾಲೆ ಹುಳ ಬದುಕ್ತೈತೇನ್ರಿ? ನೀವೇ ಬರ್ದಿದೀರಿ, ಒಣ ಮರದಾಗ ಸಾಯ್ತಾವೆ ಅಂತ."

"ಒಣಗಿದ್ರೆ ಸಾಯ್ತಾವೆ ಸಾರ್. ತೊಗಟೆ ಸಮೇತ ಒಟ್ಟಿ ಇಟ್ರೆ ಒಳಗೆ ಒಣಗಂಗಿಲ್ಲ."

"ಯಾರು ಇಡ್ತಾರ್ರೀ ಒಟ್ಟಿ? ರೊಕ್ಕ ಕೊಟ್ಟು ತಗಂಡೋರು ಬೇಗ ಕೊಯ್ತಾರೆ." ತುಸು ತಡೆದು, "ಅಂದಂಗೆ ನಿಮ್ಮ ಹುಡುಗ್ರ ಮುಂದುವರಿಕೆ ಫೈಲು ನನ್ನ ಟೇಬಲ್ ಮ್ಯಾಲೇ ಐತೆ. ಈ ವಾರ ಕಳಿಸಬೇಕು ಅಂತಿದ್ದೆ," ಅಂದರು.

ಬೆದರಿಕೆಯ ಮಾತೇನಲ್ಲ ಅದು. ಬೆದರಿಕೆಯಾಗಿದ್ದರೆ ಅವಳಿಗೆ ಸಿಟ್ಟು ಬರುತ್ತಿತ್ತು.

ಅವಳು ವಾಪಸ್ಸು ಬಂದಾಗ ಕೊಟ್ಟೂರೇಶ್ ಇನ್ನೂ ಲಾರಿಗೆ ಅಡ್ಡ ನಿಂತಿದ್ದ. ಹಿಂದೆ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು.

"ಬಿಡು ಕೊಟ್ಟೂರೇಶ್. ಹೋಗ್ಲಿ."

"ಹೋಗ್ಲಿ ಅಂದ್ರೆ? ಇವತ್ತೇ ಪೇಪರಿನೋರಿಗೆ ಹೇಳಾಣ ಮೇಡಂ. ಡಿಸಿ ಆಫೀಸಿಗೆ ಹೋಗಾಣ. ಇನ್ನೂ ಬಿಸಿಲೈತೆ, ಎಲ್ಲಾ ಹುಡುಕಿ ಸುಡಾಕೆ ಟೈಮೈತೆ."

"ಸ್ವಲ್ಪ ತಡಿ. ಕೊಯ್ದು ಹಾಕ್ತಾರೆ. ಸಾಯ್ತಾವೆ."

ಅವನು ಅವಳನ್ನೇ ನೋಡಿದ. ಜೀಪಿನ ಹಿಂದಿನ ಸೀಟಿನಲ್ಲಿ ಸಬಾ ತಲೆ ತಗ್ಗಿಸಿ ಉಗುರಿನ ಬಣ್ಣ ಕೆರೆಯುತ್ತಿದ್ದಳು. ಆ ತಗ್ಗಿದ ತಲೆ ಭಾಗ್ಯಲಕ್ಷ್ಮಿಯ ಮನಸ್ಸಿನಲ್ಲಿ ನಿಂತಿತು. ಈ ಹುಡುಗಿಯನ್ನು ಬೀದಿಗೆ ಹಾಕಿ ನಾನು ಗೆದ್ದು ಮಾಡುವುದೇನು ಎಂದುಕೊಂಡಳು. ತಂಡ ಉಳಿದರೆ ತಾನೆ ಕಾಡು ಕಾಯುವುದು ಎಂದುಕೊಂಡಳು. ಗರಗಸಕ್ಕೆ ಸಿಕ್ಕ ಹುಳ ಬದುಕುವುದುಂಟೆ ಎಂದೂ ಅಂದುಕೊಂಡಳು. ಒಂದಾದ ಮೇಲೊಂದು ಕಾರಣಗಳು ತಾವಾಗಿ ಬಂದು ಸಾಲಾಗಿ ಕೂತವು.

ಆದೇಶ ಮಾತಿನಂತೆ ಅದೇ ವಾರ ಬಂತು. ಸಬಾ ಆಫೀಸಿಗೆಲ್ಲ ಮಂಡಕ್ಕಿ ಮಿರ್ಚಿ ತರಿಸಿದಳು. ಕೊಟ್ಟೂರೇಶ್ ತನ್ನ ಪಾಲನ್ನು ಹಾಗೇ ಬಿಟ್ಟು ಸೂಕ್ಷ್ಮದರ್ಶಕದ ಮುಂದೆ ಹೋಗಿ ಕೂತ. ಬಿಸಿಲುಗಾಲವಿಡೀ ಭಾಗ್ಯಲಕ್ಷ್ಮಿಗೆ ಹರಿಹರದ ಒಂದು ಸಾಮಿಲ್ಲಿಗೆ ಹೋಗಿ ನೋಡಿ ಬರುವಷ್ಟು ಬಿಡುವಿರಲಿಲ್ಲ ಅಂತಲ್ಲ. ನೋಡಿದರೆ ಕಾಣುತ್ತದೆ ಎಂದು ಹೋಗಲಿಲ್ಲ.

ಮುಂಗಾರು ಆ ವರ್ಷ ತಡಮಾಡಲಿಲ್ಲ. ಎರಡು ಹದಮಳೆ ಬಿದ್ದು, ನೆಲ ಕಮ್ಮನೆ ಘಮಿಸುತ್ತಿರುವಾಗ ಸಬಾ ಫೋನ್ ಹಿಡಿದುಕೊಂಡೇ ಕೋಣೆಗೆ ಬಂದಳು. ಹರಿಹರದಲ್ಲಿ ಅವಳ ತಂದೆಯ ಗೆಳೆಯ ಹಿದಾಯತ್ ಅಂತ, ಸಾಮಿಲ್ಲಿನವರು. ಮಿಲ್ಲಿನ ದೀಪಕ್ಕೆ ಉದ್ದ ಮೀಸೆಯ ಹುಳ ಮುಕುರಿಕೊಂಡಿವೆ, ಇವೇನಮ್ಮಾ ನಿಮ್ಮ ಹುಳವಾ ಎಂದು ಕೇಳಿದ್ದರು.

ಸಂಜೆಯೊಳಗೆ ಮೂವರೂ ಅಲ್ಲಿದ್ದರು. ಮಿಲ್ಲಿನ ಹಿಂದೆ ತಗಡಿನ ಚಪ್ಪರದ ನೆರಳಿನಲ್ಲಿ ದಿಮ್ಮಿಗಳು ತೊಗಟೆ ಸಮೇತ ಎದೆಮಟ್ಟ ಒಟ್ಟಿದ್ದವು. ಕೆಂಪು ಗೆರೆಗಳು ಇನ್ನೂ ಮಾಸಿರಲಿಲ್ಲ. ಮೈತುಂಬ ಕಿರುಬೆರಳು ತೂರುವಂಥ ದುಂಡನೆಯ ತೂತುಗಳು. ಕೆಲವು ತೂತುಗಳ ಬಾಯಲ್ಲಿ ದುಂಬಿಗಳು ಮೀಸೆ ಚಾಚಿ ಗಾಳಿಯ ರುಚಿ ನೋಡುತ್ತಿದ್ದವು. ಹೆಚ್ಚಿನ ತೂತುಗಳು ಖಾಲಿ.

"ಕರೆಂಟ್ ಪ್ರಾಬ್ಲಂ, ಆಳುಗಳ ಪ್ರಾಬ್ಲಂ, ಕೊಯ್ಯಾಕೆ ಆಗ್ಲಿಲ್ಲ ಮೇಡಂ," ಅಂದರು ಹಿದಾಯತ್, ತಪ್ಪು ಮಾಡಿದವರಂತೆ ಕೈ ಹಿಸುಕಿಕೊಳ್ಳುತ್ತ. "ಹುಳ ಬಿದ್ದ ಮರ ಅಂತ ಯಾರೂ ಹೇಳ್ಲಿಲ್ಲ. ಅಲ್ಲಾನ ಆಣೆ, ಹೇಳಿದ್ರೆ ತಗತಾನೇ ಇರ್ಲಿಲ್ಲ."

"ನಿಮ್ಮೊಬ್ರಿಗೇ ಬಂದಿದ್ದಾ?" ಕೇಳಿದ ಕೊಟ್ಟೂರೇಶ್.

"ಎಲ್ರೀ. ಲಾಟು ಒಡೆದು ಹಂಚಿದ್ರು. ದಾವಣಗೆರೆ ಮರದ ಅಡ್ಡೆಗೂ ಹೋಗೈತೆ, ರಾಣೆಬೆನ್ನೂರಿಗೂ ಹೋಗೈತೆ. ಸಣ್ಣ ಟೊಂಗೆಗಳನ್ನೆಲ್ಲ ಕೊಂಡಜ್ಜಿ ರಸ್ತೆ ಇಟ್ಟಿಗೆ ಭಟ್ಟಿಯೋರು ಸೌದೆಗೆ ಅಂತ ಒಯ್ದ್ರು."

ಕೊಂಡಜ್ಜಿ ಎಂಬ ಹೆಸರು ಕೇಳಿ ಭಾಗ್ಯಲಕ್ಷ್ಮಿ ಪಕ್ಕದಲ್ಲಿದ್ದ ಹಲಗೆಯ ಮೇಲೆ ಕೂತುಬಿಟ್ಟಳು. ಹಿದಾಯತ್ ನೀರು ತಂದುಕೊಟ್ಟರು. ಅವಳು ಲೋಟ ಹಿಡಿದುಕೊಂಡಳು, ಕುಡಿಯಲಿಲ್ಲ.

"ಸುಡಾಣ ಅಂದ್ರೆ ಸುಡಾಣ್ರಿ. ನಂದು ಲುಕ್ಸಾನಾದ್ರೂ ಆಗ್ಲಿ," ಅಂದರು ಹಿದಾಯತ್. ಹಾಗೆಯೇ ಮಾಡಿದರು. ಡೀಸೆಲ್ ಸುರಿದು ಬೆಂಕಿ ಕೊಟ್ಟರು. ಮಳೆಗಾಳಿಗೆ ತೇವ ಹೀರಿದ್ದ ಮರ ಉರಿಯಲಿಲ್ಲ, ದಟ್ಟ ಹೊಗೆಯಾಡಿತು. ಹೊಗೆಗೆ ಉಳಿದ ದುಂಬಿಗಳೂ ತೂತಿನಿಂದ ಹೊರಬಂದು, ಚಪ್ಪರದ ಅಂಚಿನಿಂದ ಒಂದೊಂದಾಗಿ ಹೊಳೆಯ ಕಡೆಗೆ ಎದ್ದು ಹೋದವು. ಸಬಾ ಬಲೆ ಹಿಡಿದು ಅಂಗಳದ ತುಂಬ ಓಡಾಡಿದಳು. ಎಷ್ಟನ್ನು ಹಿಡಿದಾಳು?

ಮರುದಿನ ಕೊಂಡಜ್ಜಿಗೆ ಹೋದರು. ಇಟ್ಟಿಗೆ ಭಟ್ಟಿ ಕಾಡಿನ ಅಂಚಿಗೇ ಇತ್ತು. ಭಟ್ಟಿ ಉರಿದು ಆರಿತ್ತು. ಉಳಿದ ಸೌದೆ ಬೇಲಿಗೆ ಒರಗಿತ್ತು, ಎಲ್ಲ ತೂತು. ಬೇಲಿಯಾಚೆಯ ಮೊದಲ ದಿಂಡಿಗದ ಮರಕ್ಕೆ ಕೊಟ್ಟೂರೇಶ್ ಹೋದ, ಎರಡನೆಯದಕ್ಕೆ ಹೋದ, ಏರು ಹತ್ತಿ ಕಣ್ಮರೆಯಾದ. ಬಹಳ ಹೊತ್ತಿನ ಮೇಲೆ ಇಳಿದು ಬಂದ. ಹತ್ತಿರದ ಮರದ ತೊಗಟೆಯ ಮೇಲೆ ಉಗುರಿನಿಂದ ಗೀರಿದಂಥ ಹಸಿ ಸೀಳುಗಳನ್ನು ಬೆರಳಿಟ್ಟು ತೋರಿಸಿ, ಜೀಪಿನ ಹತ್ತಿರ ಹೋಗಿ ನಿಂತ. ಮೊಟ್ಟೆ ಇಟ್ಟಾಗಿತ್ತು.

ಹದಿನೈದು ದಿನ ಬಿಟ್ಟು ಅವನು ರಾಜೀನಾಮೆ ಕೊಟ್ಟ. ಅವಳು ಅದನ್ನು ಓದದೆ ಮೇಜಿನ ಮೇಲಿಟ್ಟು, "ತಪ್ಪು ನಂದು. ನೀನ್ಯಾಕ ಹೋಗ್ತಿ?" ಅಂದಳು.

"ನೀವು ನಮಗೋಸ್ಕರ ಸುಮ್ಮನಿದ್ರಿ. ಅದು ನಂಗೊತ್ತು ಮೇಡಂ. ಗೊತ್ತಿರಾದ್ಕೇ ಕಷ್ಟ ಆಗ್ತೈತೆ. ನಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ಕೆಲಸ ಹೋದ್ರೆ ಹೋಗ್ಲಿ ಅಂತಿದ್ದೆ ನಾನು. ಸಬಾನೂ ಅಂತಿದ್ಲೋ ಏನೋ. ನಮ್ಮ ಅನ್ನ ಮುಂದಿಟ್ಟುಕಂಡು ನೀವು ಹೆದರಿದ್ರಿ. ಈಗ ಆ ಅನ್ನ ಗಂಟಲಾಗ ಇಳಿಯಂಗಿಲ್ಲ."

ಅವನು ಬಾಗಿಲಲ್ಲಿ ನಿಂತು ಕೈ ಮುಗಿದು ಹೋದ. ಹತ್ತು ವರ್ಷ ಜೊತೆಗಿದ್ದವನು ಅತಿಥಿಯ ಹಾಗೆ ಕೈ ಮುಗಿದು ಹೋಗಿದ್ದು ಅವಳಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತು.

ವಾಮದೇವಪ್ಪನವರ ಮುಂದೆ ಅವಳು ಎಲ್ಲವನ್ನೂ ಬಿಚ್ಚಿ ಹೇಳಿದಳು: ಹುಳ ಹೇಗೆ ಬಂತು, ಯಾರು ಮರ ಮಾರಿದರು, ಯಾರು ನೋಡಿಯೂ ಬಾಯಿ ಮುಚ್ಚಿಕೊಂಡರು. ಅವರು ಗಡಿಬಿಡಿ ಮಾಡಿಕೊಳ್ಳದೆ ಕೇಳಿದರು. ಚಹಾ ತರಿಸಿದರು.

"ಕುಡೀರಿ. ಹುಳಕ್ಕೇನ್ರಿ, ಗಾಳಿಗೆ ಬರ್ತೈತೆ, ಹಕ್ಕಿ ಜೊತೆ ಬರ್ತೈತೆ. ಇಂಥಾ ಲಾರಿಯಾಗೇ ಬಂತು ಅಂತ ಯಾರು ಹೇಳ್ತಾರೆ?"

"ನಾನು ಹೇಳ್ತೀನಿ ಸಾರ್."

"ಹೇಳ್ರಿ. ಬರ್ದೂ ಕೊಡ್ರಿ, ಫೈಲಿಗೆ ಹಾಕ್ತೀನಿ," ಅಂದರು, ನಿಜವಾದ ಕನಿಕರದಿಂದ. "ಆದ್ರೆ ಒಂದು ಮಾತು. ಮೂರು ಜಿಲ್ಲೆಗೆ ಹಬ್ಬೈತೆ ಅಂದ್ಕೂಡ್ಲೇ ಮ್ಯಾಲಿನೋರು ಎಚ್ಚರ ಆಗ್ಯಾರೆ. ದೊಡ್ಡ ಯೋಜನೆ ಕೊಡ್ತಾರೆ, ಐದು ವರ್ಷದ್ದು. ಹೊಸ ಲ್ಯಾಬು, ಹೊಸ ಹುದ್ದೆ. ತಂಡಕ್ಕೆ ಮುಖ್ಯಸ್ಥರು ನೀವೇ ಅಂತ ಆಗ್ಲೇ ಹೆಸರು ಹೋಗೈತೆ."

ಅವಳು ಒಲ್ಲೆನೆಂದಳು. ಬೇರೆ ಯಾರನ್ನಾದರೂ ನೋಡಿ ಎಂದಳು. "ಈ ಹುಳದ ಬಗ್ಗೆ ಗೊತ್ತಿರೋರು ಇನ್ಯಾರದಾರೆ, ನೀವೇ ಹೇಳ್ರಿ," ಅಂದರು ಅವರು. ಅವಳು ಯೋಚಿಸಿದಳು. ಒಬ್ಬನೇ ಒಬ್ಬನಿದ್ದ, ಅವನು ಬಿಟ್ಟುಹೋಗಿದ್ದ. ಬರೆದುಕೊಟ್ಟದ್ದು ಫೈಲಿಗೆ ಹೋಯಿತು. ಯಾರೂ ವಿಚಾರಣೆ ಮಾಡಲಿಲ್ಲ, ಯಾರೂ ಸಿಟ್ಟಾಗಲಿಲ್ಲ. ಶಿಕ್ಷೆಯಾದರೂ ಆಗಲೆಂದು ಕಾದಳು. ಬಂದಿದ್ದು ಅಭಿನಂದನೆಯ ಫೋನುಗಳು.

ಶ್ರಾವಣದಲ್ಲಿ ಒಂದು ದಿನ, ಯಾರಿಗೂ ಹೇಳದೆ, ಸಾರಥಿಗೆ ಹೋದಳು. ಮೈಲಮ್ಮ ಅವ್ವನ ಕಲ್ಲಿನ ಬಳಿಯೇ ಸಿಕ್ಕಳು. ಸುತ್ತ ಬರೀ ಬೊಡ್ಡೆಗಳು. ಮೊದಲು ಎಲೆಗಳ ಕೆಳಗೆ ತಂಪಾಗಿದ್ದ ಕಲ್ಲು ಈಗ ಬಯಲಲ್ಲಿ ಬಿದ್ದಿತ್ತು. ಯಾರೋ ನಾಲ್ಕು ಗೂಟ ನೆಟ್ಟು ಹಳೇ ಫ್ಲೆಕ್ಸ್ ಹೊದಿಸಿದ್ದರು, ಮಳೆನೀರು ತುಂಬಿ ಜೋತುಬಿದ್ದಿತ್ತು.

"ಬಾರವ್ವ, ಕೂಡು," ಅಂದಳು ಮುದುಕಿ. ಹರಿವಾಣದಲ್ಲಿದ್ದ ಬಾಳೆಹಣ್ಣನ್ನು ಮುರಿದು ಅರ್ಧ ಕೊಟ್ಟಳು.

ಭಾಗ್ಯಲಕ್ಷ್ಮಿ ಹಣ್ಣನ್ನು ಕೈಯಲ್ಲಿ ಹಿಡಿದೇ ಹೇಳಿದಳು. ಮರವನ್ನು ಸುಡಲಿಲ್ಲ, ಮಾರಿದರು. ನಾನು ಕಣ್ಣಾರೆ ಕಂಡೆ, ತಡೆಯಲಿಲ್ಲ. ಹುಳ ಕೊಂಡಜ್ಜಿಗೆ ಹೋಗಿದೆ, ಲಾರಿಯ ಮೇಲೆ ಕೂತು ಹೋಗಿದೆ. ಕಡಿಯದೆ ಬಿಟ್ಟಿದ್ದರೆ ಇಷ್ಟು ಬೇಗ ಹೋಗುತ್ತಿರಲಿಲ್ಲ.

ಬೈಯಲಿ ಎಂದು ಬಂದಿದ್ದಳು. ಮಣ್ಣು ತೂರಿ ಶಾಪ ಹಾಕಿದ್ದರೂ ತಲೆ ಕೊಟ್ಟು ಕೂರುತ್ತಿದ್ದಳು. ಮೈಲಮ್ಮ ಅರ್ಥವಾಗದವಳಂತೆ ಅವಳ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಹತ್ತಿರದ ಬೊಡ್ಡೆಯೊಂದನ್ನು ಅಂಗೈಯಿಂದ ಸವರಿದಳು.

"ಹಂಗಾರೆ ನಮ್ಮ ಗಿಡ ಕಡ್ದಿದ್ದು ಯಾತಕ್ಕವ್ವ?"

ತಿಳಿದುಕೊಳ್ಳಲೆಂದೇ ಕೇಳಿದ್ದಳು ಮುದುಕಿ. ಓದಿದವಳ ಹತ್ತಿರ ಉತ್ತರ ಇದ್ದೀತೆಂದು ಕಾದಳು. ಜೋತುಬಿದ್ದ ಫ್ಲೆಕ್ಸಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕಾದು ಕಾದು ಮೈಲಮ್ಮ ಎದ್ದು, ಹರಿವಾಣ ಎತ್ತಿಕೊಂಡು, "ಹೊತ್ತಾತು, ನಿಮ್ಮೂರಿಗೆ ಬಸ್ಸು ತಪ್ತೈತೆ," ಅಂದು ಊರ ದಾರಿ ಹಿಡಿದಳು.

ದೀಪಾವಳಿಯ ಹೊತ್ತಿಗೆ ಹೊಸ ಯೋಜನೆ ಶುರುವಾಯಿತು. ಆನೆಕೊಂಡದ ಕಟ್ಟಡಕ್ಕೆ ಸುಣ್ಣಬಣ್ಣವಾಯಿತು, ಹೊಸ ಮೇಜುಗಳು ಬಂದವು, ಹೊಸ ಮುಖಗಳು ಬಂದವು. ಅವರೆಲ್ಲ ಉತ್ಸಾಹಿಗಳು, ಅವಳನ್ನು ಗೌರವದಿಂದ ಕಾಣುವವರು. ಅವರಿಗೆ ಕೆಲಸ ಹೇಳಿಕೊಡುವಾಗ ಅವಳ ದನಿ ಮೊದಲಿನಂತೆಯೇ ಇತ್ತು. ಮನೆಯಲ್ಲಿ ಮಾತ್ರ ಅವಳು ಊಟದ ತಟ್ಟೆಯ ಮುಂದೆ ಕೂತು ಎದ್ದುಹೋಗುವುದನ್ನು ಗಂಡ ನೋಡುತ್ತಿದ್ದ. ಕೇಳಿ ಕೇಳಿ ಕೇಳುವುದನ್ನು ಬಿಟ್ಟ.

ಸಬಾ ಹೋಗಲಿಲ್ಲ. ಯಾಕೆ ಉಳಿದಳೆಂದು ಭಾಗ್ಯಲಕ್ಷ್ಮಿ ಕೇಳಲೂ ಇಲ್ಲ. ಇಬ್ಬರೂ ಹೊಸಬರನ್ನು ಕರೆದುಕೊಂಡು ಕೊಂಡಜ್ಜಿಯ ಕಾಡನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋದರು. ಮೊದಲ ಏರಿನಲ್ಲಿ ಎಲ್ಲ ದಿಂಡಿಗದ ಬುಡಕ್ಕೂ ಹಿಟ್ಟು. ಎರಡನೆಯ ಏರಿನಲ್ಲೂ ಹಿಟ್ಟು. ಕಾಡು ಕಾಯುವ ವಾಚರ್ ಒಬ್ಬ ಅವರ ಹಿಂದೆಯೇ ಬರುತ್ತಿದ್ದ. ಸಾರಥಿಯಲ್ಲಿ ಸಾಲು ಕಡಿದದ್ದು ಅವನಿಗೂ ಗೊತ್ತಿತ್ತು.

"ಇಲ್ಲೂ ಕಡೀಬೇಕೇನ್ರಿ ಮೇಡಂ?" ಎಂದು ಕೇಳಿದ.

"ಬ್ಯಾಡ."

"ಹಂಗೇ ಬಿಟ್ರೆ ಉಳೀತಾವೇನ್ರಿ?"

"ಉಳಿಯಲ್ಲ."

"ಮತ್ತೆ ಏನ್ ಮಾಡಾದ್ರಿ?"

ಹೊಸ ಹುಡುಗರು ನಡೆಯುವುದನ್ನು ನಿಲ್ಲಿಸಿ ಅವಳ ಮಾತಿಗೆ ಕಿವಿಗೊಟ್ಟರು. ಸಬಾ ಬೇರೆ ಕಡೆ ನೋಡಿದಳು.

"ಗೊತ್ತಿಲ್ಲಪ್ಪ," ಅಂದಳು ಭಾಗ್ಯಲಕ್ಷ್ಮಿ.

ವಾಚರ್ ತಲೆಯಾಡಿಸಿದ. ಅವಳು ಮುಂದಿನ ಮರಕ್ಕೆ ಹೋಗಿ ಕಿವಿ ಹಚ್ಚಿದಳು. ಅಲ್ಲಿಯೂ ಅವು ತಿನ್ನುತ್ತಿದ್ದವು.